ಕೊಳ್ಳುವ ಬೆಲೆ, ಓಡಿಸುವ ಬೆಲೆ

ಬೇಸಗೆ ಕಾಲಿಡುತ್ತಲೇ ವಿದ್ಯುತ್ ಸಾಮಾನುಗಳ ಅಂಗಡಿಗಳಲ್ಲಿ ಜನಸಂದಣಿ ಹೆಚ್ಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂತಹ ಅಂಗಡಿಯೊಂದರಲ್ಲಿ ಎರಡು ಫ್ಯಾನುಗಳನ್ನು ಅಕ್ಕಪಕ್ಕದಲ್ಲಿ ತೂಗುಹಾಕಿದ್ದಾರೆಂದು ಭಾವಿಸೋಣ. ಎರಡರ ರೆಕ್ಕೆಗಳೂ ಒಂದೇ ಅಳತೆಯವು. ಎರಡೂ ಬೀಸುವ ಗಾಳಿಯೂ ಹೆಚ್ಚುಕಡಮೆ ಒಂದೇ. ಮೊದಲನೆಯದರ ಬೆಲೆ ೧,೭೦೦ ರೂಪಾಯಿ. ಎರಡನೆಯದರದು ೩,೦೦೦ ರೂಪಾಯಿ. ಬಂದ ಗಿರಾಕಿ ಎರಡನ್ನೂ ಒಮ್ಮೆ ನೋಡಿ, ಒಮ್ಮೆ ತಿರುಗಿಸಿ ನೋಡಿ, “ಗಾಳಿ ಒಂದೇ ಅಲ್ಲವೇ, ಸ್ವಾಮಿ?” ಎಂದು ಕೇಳಿ, ಅಗ್ಗದ್ದನ್ನು ಕಟ್ಟಿಸಿಕೊಂಡು ಮನೆಗೆ ಹೊರಡುತ್ತಾನೆ. ಇದರಲ್ಲಿ ಆಶ್ಚರ್ಯವೇನು ಬಂತು ಎಂದು ವಾಚಕರು ಕೇಳಬಹುದು. ಆಶ್ಚರ್ಯವಿರುವುದು ಲೆಕ್ಕದಲ್ಲಿ.

ಮೊದಲನೆಯ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು ೭೫ ವ್ಯಾಟ್ ಶಕ್ತಿಯನ್ನು ನುಂಗುತ್ತದೆ. ಎರಡನೆಯದು ನುಂಗುವುದು ಸುಮಾರು ೩೦ ವ್ಯಾಟ್ ಮಾತ್ರ. ದಿನಕ್ಕೆ ೧೨ ಗಂಟೆಗಳಂತೆ ವರ್ಷದಲ್ಲಿ ೩೦೦ ದಿನ ಓಡಿಸಿದರೆ ಒಟ್ಟು ೩,೬೦೦ ಗಂಟೆಗಳಾಗುವುವು. ಆಗ ಮೊದಲನೆಯದು ವರ್ಷಕ್ಕೆ ೨೭೦ ಯೂನಿಟ್ಟುಗಳನ್ನೂ ಎರಡನೆಯದು ೧೦೮ ಯೂನಿಟ್ಟುಗಳನ್ನೂ ಬಳಸುತ್ತವೆ. ಯೂನಿಟ್ಟಿಗೆ ೬ ರೂಪಾಯಿ ಎಂದು ಹಿಡಿದರೆ ಮೊದಲನೆಯದರ ವಾರ್ಷಿಕ ಖರ್ಚು ೧,೬೨೦ ರೂಪಾಯಿ, ಎರಡನೆಯದರದು ೬೪೮ ರೂಪಾಯಿ. ಹತ್ತು ವರ್ಷ ಕಳೆದ ಮೇಲೆ, ಕೊಂಡ ಬೆಲೆಯೂ ಸೇರಿ, ಅಗ್ಗದ ಫ್ಯಾನಿಗೆ ನಾವು ತೆತ್ತಿರುವುದು ೧೭,೯೦೦ ರೂಪಾಯಿ. ತುಟ್ಟಿಯ ಫ್ಯಾನಿಗೆ ತೆತ್ತಿರುವುದು ೯,೪೮೦ ರೂಪಾಯಿ! ಅಂಗಡಿಯವನ ಕೈಗೆ ಕೊಟ್ಟ ಹಣವು ಅಗ್ಗದ ಫ್ಯಾನಿನ ನಿಜವಾದ ಬೆಲೆಯಲ್ಲಿ ಹತ್ತರಲ್ಲೊಂದು ಪಾಲೂ ಅಲ್ಲವೆಂದಾಯಿತು. ಉಳಿದ ಒಂಬತ್ತು ಪಾಲಿಗಿಂತ ಹೆಚ್ಚಿನದು ತಿಂಗಳು ತಿಂಗಳೂ ವಿದ್ಯುತ್ ಬಿಲ್ಲಿನಲ್ಲಿ ಅಡಗಿಕೊಂಡು ಬರುತ್ತದೆ.

ಹಾಗಾದರೆ ಜನರು ದಕ್ಷವಾದ ಉಪಕರಣವನ್ನು ಕೊಳ್ಳಲು ಏಕೆ ಹಿಂಜರಿಯುತ್ತಾರೆ? ಅವರಿಗೆ ಲೆಕ್ಕ ಬಾರದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ತರಕಾರಿ ಕೊಳ್ಳುವಾಗ ಎಂಟಾಣೆಯನ್ನೂ ಬಿಡದೆ ಚೌಕಾಶಿ ಮಾಡುವ ಗೃಹಿಣಿಗೆ ಲೆಕ್ಕ ಬಾರದೆಂಬ ಮಾತನ್ನು ನಾವು ನಂಬಲಾರೆವು. ಈ ಪ್ರಶ್ನೆಗೆ ಭೌತಶಾಸ್ತ್ರವೊಂದೇ ಉತ್ತರ ಕೊಡಲಾರದು. ಅರ್ಥಶಾಸ್ತ್ರವೂ ಬೇಕು, ಮನೆಮನೆಯ ಪರಿಸ್ಥಿತಿಯ ತಿಳಿವಳಿಕೆಯೂ ಬೇಕು. ಆದರೂ ಮೊದಲು ಯಂತ್ರವನ್ನೇ ನೋಡುವುದು ಒಳ್ಳೆಯದು. ಒಂದೇ ಗಾಳಿಯನ್ನು ಬೀಸಲು ಒಂದಕ್ಕೆ ೭೫ ವ್ಯಾಟ್, ಇನ್ನೊಂದಕ್ಕೆ ೩೦ ವ್ಯಾಟ್ ಏಕೆ ಬೇಕು?

ಮೋಟಾರಿನ ಒಳಗೆ

ಹಳೆಯ ಮಾದರಿಯ ಫ್ಯಾನಿನಲ್ಲಿರುವುದು ಪ್ರೇರಣ ಮೋಟಾರು, ಅಂದರೆ ಇಂಡಕ್ಷನ್ ಮೋಟಾರು. ಅದರ ನಡುವೆ, ತಿರುಗದೆ ನಿಂತಿರುವ ಭಾಗದಲ್ಲಿ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಇವುಗಳಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ, ಜೊತೆಯಲ್ಲಿರುವ ಕಂಡೆನ್ಸರಿನ ನೆರವಿನಿಂದ, ಸುತ್ತುವ ಕಾಂತಕ್ಷೇತ್ರವೊಂದು ಹುಟ್ಟುತ್ತದೆ. ಹೊರಗಿನ ತಿರುಗುವ ಭಾಗಕ್ಕೆ, ಎಂದರೆ ರೋಟರಿಗೆ, ಯಾವ ತಂತಿಯೂ ಸೇರಿರುವುದಿಲ್ಲ. ಅದರಲ್ಲಿರುವ ಅಲ್ಯೂಮಿನಿಯಮ್ ಸರಳುಗಳನ್ನು ಸುತ್ತುವ ಕ್ಷೇತ್ರವು ಹಾದುಹೋಗುವಾಗ ಅವುಗಳಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ; ಆ ವಿದ್ಯುತ್ತಿನ ಮೇಲೆ ಕ್ಷೇತ್ರವು ಬಲ ಹಾಕಿ ರೋಟರನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ರೋಟರು ಕ್ಷೇತ್ರದಷ್ಟೇ ವೇಗವಾಗಿ ತಿರುಗಿಬಿಟ್ಟರೆ ಸರಳುಗಳನ್ನು ಕ್ಷೇತ್ರವು ಹಾಯುವುದೇ ಇಲ್ಲ. ಪ್ರೇರಣೆಯೂ ಇಲ್ಲ, ಬಲವೂ ಇಲ್ಲ. ಆದುದರಿಂದ ರೋಟರು ಯಾವಾಗಲೂ ಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬೀಳಲೇಬೇಕು. ಈ ಹಿಂದೆ ಬೀಳುವಿಕೆಗೆ ‘ಜಾರಿಕೆ’ ಎಂದು ಹೆಸರು. ಹದಿನಾಲ್ಕು ಧ್ರುವಗಳ ಮೋಟಾರೊಂದನ್ನು ತೆಗೆದುಕೊಳ್ಳೋಣ. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ ೫೦; ಅದರಂತೆ ಕ್ಷೇತ್ರವು ನಿಮಿಷಕ್ಕೆ ಸುಮಾರು ೪೨೮ ಸಲ ಸುತ್ತುತ್ತದೆ. ಫ್ಯಾನು ತಿರುಗುವುದು ನಿಮಿಷಕ್ಕೆ ೩೫೦ ಸಲ ಎಂದಿಟ್ಟುಕೊಂಡರೆ ಜಾರಿಕೆ ಶೇಕಡ ೧೮. ರೋಟರಿಗೆ ದಾಟಿದ ಶಕ್ತಿಯಲ್ಲಿ ಜಾರಿಕೆಯ ಪಾಲಿನಷ್ಟು ಸರಳುಗಳಲ್ಲಿ ಶಾಖವಾಗಿ ಹೋಗುವುದೆಂಬುದು ಈ ಮೋಟಾರಿನ ನಿಯಮ. ಅದರ ಮೇಲೆ ತಾಮ್ರದ ಸುರುಳಿಗಳಲ್ಲಿ ಆಗುವ ನಷ್ಟ, ಕಬ್ಬಿಣದಲ್ಲಿ ಆಗುವ ನಷ್ಟ ಬೇರೆ. ಬಹಳ ಹೊತ್ತು ಓಡಿದ ಫ್ಯಾನಿನ ನಡುವಣ ಬಟ್ಟಲನ್ನು, ಸ್ವಿಚ್ಚು ಆರಿಸಿ ರೆಕ್ಕೆಗಳು ನಿಂತ ಮೇಲೆ, ಮುಟ್ಟಿ ನೋಡಿದರೆ ಈ ನಷ್ಟವು ಕೈಗೇ ತಿಳಿಯುತ್ತದೆ. ತಂಪಿಗಾಗಿ ಹಾಕಿದ ಯಂತ್ರವು ಕೋಣೆಯನ್ನು ಒಂದಿಷ್ಟು ಬೆಚ್ಚಗೂ ಮಾಡುತ್ತಿರುತ್ತದೆ!

ಎರಡನೆಯ ಫ್ಯಾನಿನಲ್ಲಿ ಇರುವುದು ಬಿ.ಎಲ್.ಡಿ.ಸಿ. ಎಂದು ಕರೆಯಲ್ಪಡುವ ಮೋಟಾರು. ಇದರ ರೋಟರಿನಲ್ಲಿ ಶಾಶ್ವತ ಕಾಂತಗಳಿರುತ್ತವೆ. ಕಾಂತತ್ವವನ್ನು ಪ್ರೇರಣೆಯಿಂದ ಹುಟ್ಟಿಸಬೇಕಾದ ಅಗತ್ಯವೇ ಇಲ್ಲವಾದುದರಿಂದ ಜಾರಿಕೆಯೂ ಇಲ್ಲ, ಅದರ ಶಾಖವೂ ಇಲ್ಲ. ಮನೆಗೆ ಬರುವ ಪರ್ಯಾಯ ವಿದ್ಯುತ್ತನ್ನು ಒಂದು ಚಿಕ್ಕ ಎಲೆಕ್ಟ್ರಾನಿಕ್ ಹಲಗೆಯು ಮೊದಲು ನೇರ ವಿದ್ಯುತ್ತಾಗಿ ಮಾರ್ಪಡಿಸಿ, ಬಳಿಕ ಯಾವ ಸುರುಳಿಗೆ ಯಾವ ಕ್ಷಣದಲ್ಲಿ ವಿದ್ಯುತ್ತು ಬೇಕೋ ಆ ಕ್ಷಣದಲ್ಲಿ ಹರಿಸುತ್ತದೆ. ವೇಗವನ್ನು ತಗ್ಗಿಸಿದಾಗಲಂತೂ ವ್ಯತ್ಯಾಸ ಇನ್ನೂ ಹೆಚ್ಚು. ಗಾಳಿಯನ್ನು ತಳ್ಳಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಅರ್ಧ ಮಾಡಿದರೆ ಶಕ್ತಿಯು ಎಂಟರಲ್ಲೊಂದು ಪಾಲಿಗೆ ಇಳಿಯಬೇಕು. ಹೊಸ ಮೋಟಾರು ಈ ನಿಯಮಕ್ಕೆ ಸಾಕಷ್ಟು ಹತ್ತಿರವಾಗಿ ನಡೆದುಕೊಳ್ಳುತ್ತದೆ. ಹಳೆಯದರಲ್ಲಿ ಜಾರಿಕೆ ಬೆಳೆದು ಶಾಖವೂ ಬೆಳೆಯುತ್ತದೆ. ದೊಡ್ಡ ಪೆಟ್ಟಿಗೆಯಂತಹ ಹಿಂದಿನ ಕಾಲದ ರೆಗ್ಯುಲೇಟರು ಇದ್ದರೆ ಉಳಿದ ಶಕ್ತಿಯನ್ನು ಅದು ಗೋಡೆಯ ಮೇಲೆ ಕುಳಿತು ಬೆಚ್ಚಗೆ ಕರಗಿಸುತ್ತದೆ.

ಯಂತ್ರದ ಮಾತು ಇಷ್ಟು. ಇನ್ನು ಮನುಷ್ಯನ ಮಾತಿಗೆ ಬರೋಣ.

ಮನಸ್ಸಿನೊಳಗಿನ ಬಡ್ಡಿ

ಹೆಚ್ಚಿಗೆ ಕೊಡಬೇಕಾದ ೧,೩೦೦ ರೂಪಾಯಿಯನ್ನು ಒಂದು ಠೇವಣಿ ಎಂದು ಭಾವಿಸಿದರೆ, ಅದರಿಂದ ವರ್ಷಕ್ಕೆ ಬರುವ ಲಾಭ ೯೭೨ ರೂಪಾಯಿ. ಅಂದರೆ ನೂರಕ್ಕೆ ಸುಮಾರು ೭೫. ಯಾವ ಬ್ಯಾಂಕೂ ಠೇವಣಿಗೆ ಇದರ ಹತ್ತಿರಕ್ಕೂ ಬರುವಷ್ಟು ಬಡ್ಡಿ ಕೊಡುವುದಿಲ್ಲ. ಇಂತಹ ಠೇವಣಿಯನ್ನು ಬೇಡವೆನ್ನುವವನು, ತಾನು ತಿಳಿದೋ ತಿಳಿಯದೆಯೋ, “ನಾಳೆ ಬರುವ ಹಣಕ್ಕೆ ನಾನು ಶೇಕಡ ೭೫ಕ್ಕಿಂತ ಹೆಚ್ಚಿನ ವಟಾವು ಹಿಡಿಯುತ್ತೇನೆ” ಎಂದು ಹೇಳಿದಂತಾಯಿತು. ಅರ್ಥಶಾಸ್ತ್ರಜ್ಞರು ಇದನ್ನು ಕೊಳ್ಳುವವನ ಆಯ್ಕೆಯಲ್ಲಿ ಅಡಗಿರುವ ವಟಾವಿನ ದರ ಎನ್ನುತ್ತಾರೆ. ಬಾಯಿಂದ ಯಾರೂ ಹೇಳದ ಈ ದರವನ್ನು ಅವರು ಕೊಂಡ ವಸ್ತುವಿನಿಂದಲೇ ಊಹಿಸಿ ತೆಗೆಯಬಹುದು.

ಈ ಬಗೆಯ ಅಳತೆಯನ್ನು ಮಾಡಿದವರಲ್ಲಿ ಅಮೆರಿಕದ ಜೆರ್ರಿ ಹಾಸ್ಮನ್ ಪ್ರಸಿದ್ಧರು. ಕೋಣೆಯನ್ನು ತಂಪು ಮಾಡುವ ಏರ್ ಕಂಡಿಷನರುಗಳನ್ನು ಅಲ್ಲಿನ ಕುಟುಂಬಗಳು ಹೇಗೆ ಆರಿಸಿದುವೆಂಬುದನ್ನು ಪರಿಶೀಲಿಸಿ ಅವರು ೧೯೭೯ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸರಾಸರಿ ದರವು ಶೇಕಡ ೨೦ರ ಆಸುಪಾಸಿನಲ್ಲಿತ್ತು. ಅದಕ್ಕಿಂತ ಗಮನಾರ್ಹವಾದ ಸಂಗತಿ ಬೇರೊಂದಿದೆ. ವರಮಾನ ಹೆಚ್ಚಿದಂತೆ ಈ ದರವು ಇಳಿಯುತ್ತ ಹೋಯಿತು. ಬಡ ಕುಟುಂಬಗಳಲ್ಲಿ ಅದು ಬಹಳ ಎತ್ತರದಲ್ಲಿತ್ತು, ಸಿರಿವಂತರಲ್ಲಿ ಬ್ಯಾಂಕಿನ ಬಡ್ಡಿಯ ಮಟ್ಟಕ್ಕೇ ಇಳಿದಿತ್ತು. ಆದುದರಿಂದ ದಕ್ಷವಾದ ಯಂತ್ರವನ್ನು ಕೊಳ್ಳದಿರುವುದು ಕೇವಲ ಅಜ್ಞಾನದ ಚಿಹ್ನೆ ಎನ್ನುವಂತಿಲ್ಲ. ಯಾರ ಕೈಯಲ್ಲಿ ಹಣವಿಲ್ಲವೋ ಅವರಿಗೆ ಇಂದಿನ ರೂಪಾಯಿ ನಾಳಿನ ರೂಪಾಯಿಗಿಂತ ಬಹಳ ದೊಡ್ಡದು.

ಇದನ್ನು ನಮ್ಮ ಊರಿನ ಉದಾಹರಣೆಯಿಂದಲೇ ನೋಡಬಹುದು. ತಳ್ಳುಗಾಡಿಯಲ್ಲಿ ಹಣ್ಣು ಮಾರುವವನೊಬ್ಬನು ಕೈಸಾಲ ತರುವುದು ನೂರಕ್ಕೆ ತಿಂಗಳಿಗೆ ೫ ರೂಪಾಯಿ ಬಡ್ಡಿಗೆ ಎಂದುಕೊಳ್ಳೋಣ. ವರ್ಷಕ್ಕೆ ಅದು ಶೇಕಡ ೬೦ ಆಯಿತು. ಅವನ ಮನೆಯಲ್ಲಿ ಫ್ಯಾನು ತಿರುಗುವುದು ದಿನಕ್ಕೆ ೧೨ ಗಂಟೆಯಲ್ಲ, ರಾತ್ರಿ ೬ ಗಂಟೆ ಮಾತ್ರ. ಉಳಿತಾಯವೂ ಅರ್ಧವಾಗಿ ೪೮೬ ರೂಪಾಯಿಗೆ ಇಳಿಯಿತು. ೧,೩೦೦ ರೂಪಾಯಿಯ ಮೇಲೆ ಶೇಕಡ ೩೭ ಲಾಭ. ಶೇಕಡ ೬೦ರ ಸಾಲವನ್ನು ಹೊತ್ತುಕೊಂಡು ಶೇಕಡ ೩೭ರ ಲಾಭಕ್ಕೆ ಹೋಗುವವನೇ ಲೆಕ್ಕ ಬಾರದವನು! ಅಗ್ಗದ ಫ್ಯಾನನ್ನು ಕೊಂಡ ಆ ಬಡವನ ನಿರ್ಧಾರ ಸರಿಯಾಗಿಯೇ ಇದೆ. ಪುಸ್ತಕದ ಲೆಕ್ಕವನ್ನು ಮುಂದಿಟ್ಟು ಅವನನ್ನು ಮೂಢನೆನ್ನುವ ವಿದ್ಯಾವಂತನು ಅವನ ಬಡ್ಡಿಯ ದರವನ್ನು ಕೇಳಲು ಮರೆತಿರುತ್ತಾನೆ. ಅತಿಥಿಗಳು ಬಂದಾಗ ಮಾತ್ರ ತೆರೆಯುವ ಕೋಣೆಯ ವಿಷಯವೂ ಹೀಗೆಯೇ: ವರ್ಷಕ್ಕೆ ೩೦೦ ಗಂಟೆ ಓಡುವ ಫ್ಯಾನಿನಲ್ಲಿ ಉಳಿಯುವುದು ೮೧ ರೂಪಾಯಿ, ಹೆಚ್ಚಿನ ಬೆಲೆ ಹಿಂದಿರುಗಲು ೧೬ ವರ್ಷ ಬೇಕು. ಅಲ್ಲಿಗೆ ಹಳೆಯ ಮಾದರಿಯೇ ಸಾಕು.

ಆದರೆ ಬಡ್ಡಿಯ ತೊಂದರೆ ಇಲ್ಲದವರೂ ಹಿಂಜರಿಯುತ್ತಾರಲ್ಲ? ಈ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ವಿಂಗಡಿಸಿ ನೋಡಿದವರು ನಮ್ಮವರೇ ಆದ ಅಮೂಲ್ಯ ರೆಡ್ಡಿಯವರು. ೧೯೩೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಮೂಲತಃ ವಿದ್ಯುದ್ರಸಾಯನಶಾಸ್ತ್ರದಲ್ಲಿ ಹೆಸರಾದವರು. ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿದ್ದಾಗ ೧೯೭೪ರಲ್ಲಿ, ಗ್ರಾಮಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿ, ಆ ಬಳಿಕ ಶಕ್ತಿಯ ಸಮಸ್ಯೆಗೇ ತಮ್ಮ ಆಯುಸ್ಸನ್ನು ಮೀಸಲಿಟ್ಟರು. ಜನರಿಗೆ ಬೇಕಾಗಿರುವುದು ಕಿಲೋವ್ಯಾಟುಗಳಲ್ಲ, ಬೆಳಕು, ನೀರು, ಬೆಂದ ಅನ್ನ, ತಂಪಾದ ಗಾಳಿ ಎಂಬುದು ಅವರ ವಿಚಾರದ ತಿರುಳು. ಅವರೂ ಅವರ ಸಹಕಾರಿಗಳೂ ಸೇರಿ ೧೯೯೧ರಲ್ಲಿ ಕರ್ನಾಟಕಕ್ಕಾಗಿ ಒಂದು ವಿದ್ಯುತ್ ಯೋಜನೆಯನ್ನು ರಚಿಸಿ, ದಕ್ಷವಾದ ಉಪಕರಣಗಳನ್ನು ಬಳಸಿಕೊಂಡರೆ ಸರಕಾರಿ ಸಮಿತಿಯು ಅಂದಾಜು ಮಾಡಿದ್ದರಲ್ಲಿ ಅರ್ಧಕ್ಕಿಂತ ಕಡಮೆ ವಿದ್ಯುತ್ತಿನಿಂದಲೇ ೨೦೦೦ನೆಯ ಇಸವಿಯನ್ನು ಮುಟ್ಟಬಹುದೆಂದು ತೋರಿಸಿದ್ದರು. ಅದೇ ೧೯೯೧ರಲ್ಲಿ, ದಕ್ಷತೆಯ ದಾರಿಯಲ್ಲಿರುವ ಅಡ್ಡಿಗಳನ್ನು ಕುರಿತ ಲೇಖನವೊಂದರಲ್ಲಿ, ರೆಡ್ಡಿಯವರು ಬಳಕೆದಾರರನ್ನು ಬಗೆಬಗೆಯಾಗಿ ವರ್ಗೀಕರಿಸಿದರು. ತಿಳಿಯದವರು ಒಂದು ಬಗೆ. ಹಣವಿಲ್ಲದವರು, ಇಲ್ಲವೆ ಮೊದಲ ಬೆಲೆಗೆ ಹೆದರುವವರು ಇನ್ನೊಂದು ಬಗೆ. ಉದಾಸೀನರು, ನಿಸ್ಸಹಾಯಕರು, ಸಂಶಯಗ್ರಸ್ತರು ಎಂದು ಮತ್ತೆ ಕೆಲವು ಬಗೆ. ಕಡೆಯದಾಗಿ, ಇತರರ ಅದಕ್ಷತೆಗೆ ವಾರಸುದಾರರಾದವರು.

ಕಡೆಯ ಬಗೆಯನ್ನು ನೋಡಿ ನಾವು ನಗುವಂತಿಲ್ಲ, ಏಕೆಂದರೆ ನಗರವಾಸಿಗಳಲ್ಲಿ ಎಷ್ಟೋ ಮಂದಿ ಅದಕ್ಕೇ ಸೇರಿದವರು. ಬೆಂಗಳೂರಿನ ಬಾಡಿಗೆ ಮನೆಯೊಂದನ್ನು ತೆಗೆದುಕೊಳ್ಳಿ. ಫ್ಯಾನನ್ನು ಕೊಂಡು ಹಾಕಿಸಿದವನು ಮನೆಯ ಯಜಮಾನ. ಬಿಲ್ಲು ಕಟ್ಟುವವನು ಬಾಡಿಗೆದಾರ. ಯಜಮಾನನಿಗೆ ಅಗ್ಗದ ಫ್ಯಾನಿನಿಂದ ೧,೩೦೦ ರೂಪಾಯಿ ಲಾಭ, ನಷ್ಟವೆಲ್ಲ ಇನ್ನೊಬ್ಬನದು. ಬಾಡಿಗೆದಾರನೇ ಹೊಸದನ್ನು ಹಾಕಿಸಲೆಂದರೆ, ಮುಂದಿನ ವರ್ಷ ಮನೆ ಬಿಡಬೇಕಾದೀತೆಂಬ ಶಂಕೆ. ಸಾಗಿಸುವಾಗ ರೆಕ್ಕೆ ಬಾಗುವುದೆಂಬ ಭಯ. ಇಬ್ಬರೂ ಬುದ್ಧಿವಂತರೇ, ಆದರೂ ಇಬ್ಬರ ಬುದ್ಧಿವಂತಿಕೆಯೂ ಕೂಡಿ ಹುಟ್ಟಿಸುವುದು ದುಂದು. ಹೊಸ ಬಡಾವಣೆಗಳಲ್ಲಿ ಸಾಲುಸಾಲಾಗಿ ಕಟ್ಟಿ ಮಾರುವ ಮನೆಗಳಲ್ಲಿಯೂ ಕಟ್ಟುವವನು ಬೇರೆ, ಬಾಳುವವನು ಬೇರೆ.

ಸಂಶಯಗ್ರಸ್ತರ ಪಕ್ಷವನ್ನೂ ಕೇಳಬೇಕು. ಹಳೆಯ ಫ್ಯಾನಿನ ಸುರುಳಿ ಸುಟ್ಟರೆ ಬೀದಿಯ ಕೊನೆಯಲ್ಲಿರುವ ವೈಂಡಿಂಗ್ ಅಂಗಡಿಯವನು ಒಂದೆರಡು ದಿನಗಳಲ್ಲಿ ಹೊಸ ತಂತಿ ಸುತ್ತಿ ಕೊಡುತ್ತಾನೆ. ಅದು ಮತ್ತೆ ಹತ್ತು ವರ್ಷ ತಿರುಗುತ್ತದೆ. ಹೊಸದರ ಎಲೆಕ್ಟ್ರಾನಿಕ್ ಹಲಗೆ ಕೆಟ್ಟರೆ ಅವನು ಕೈಯಾಡಿಸಿಬಿಡುತ್ತಾನೆ; ತಯಾರಕರ ಕೇಂದ್ರಕ್ಕೇ ಹೋಗಬೇಕು. ವಿದ್ಯುತ್ತಿನ ಒತ್ತಡ ಏರಿಳಿಯುವ ಹಳ್ಳಿಗಳಲ್ಲಿ ಈ ಅಂಜಿಕೆ ನಿರಾಧಾರವೇನಲ್ಲ. ಸಿ.ಎಫ್.ಎಲ್. ದೀಪಗಳು ಮೊದಲು ಬಂದಾಗ ಅಗ್ಗದ ಕಳಪೆ ಮಾಲನ್ನು ಕೊಂಡು, ವರ್ಷಗಟ್ಟಲೆ ಉರಿಯುವುದೆಂದು ನಂಬಿ, ಕೆಲವೇ ತಿಂಗಳಲ್ಲಿ ಅದು ಕೆಟ್ಟು ಕೈಸುಟ್ಟುಕೊಂಡವರು ಹೊಸದೆಂದರೆ ಹಿಂದೆ ಸರಿಯುವುದು ಸಹಜ. ಅಂತಹವರಲ್ಲಿ ನಾವೂ ಒಬ್ಬರೆಂದು ಒಪ್ಪಿಕೊಳ್ಳಬೇಕು.

ಚೀಟಿಯ ಮೇಲಿನ ನಕ್ಷತ್ರಗಳು

ತಿಳಿಯದವರಿಗೆ ತಿಳಿಸುವ ಕೆಲಸವನ್ನು ನಮ್ಮ ದೇಶದಲ್ಲಿ ವಹಿಸಿಕೊಂಡಿರುವುದು ಇಂಧನ ದಕ್ಷತಾ ಬ್ಯೂರೋ. ೨೦೦೧ರ ಇಂಧನ ಸಂರಕ್ಷಣಾ ಕಾಯಿದೆಯಂತೆ ಅದು ೨೦೦೨ರಲ್ಲಿ ಸ್ಥಾಪಿತವಾಯಿತು. ೨೦೦೬ರಿಂದ ಉಪಕರಣಗಳ ಮೇಲೆ ಒಂದರಿಂದ ಐದರವರೆಗೆ ನಕ್ಷತ್ರಗಳುಳ್ಳ ಚೀಟಿ ಬರತೊಡಗಿತು. ಹಿಮ ಕಟ್ಟದ ಮಾದರಿಯ ರೆಫ್ರಿಜರೇಟರುಗಳಿಗೆ ೨೦೧೦ರಲ್ಲಿ ಇದು ಕಡ್ಡಾಯವಾಯಿತು. ಚಾವಣಿಯ ಫ್ಯಾನುಗಳಿಗೆ ಕಡ್ಡಾಯವಾದುದು ೨೦೨೩ರ ಜನವರಿಯಲ್ಲಿ. ಕಡ್ಡಾಯವಾದ ಮೇಲೆ ಒಂದು ನಕ್ಷತ್ರಕ್ಕೂ ಅರ್ಹವಲ್ಲದ ಯಂತ್ರವನ್ನು ಮಾರುವಂತಿಲ್ಲ.

ಈ ನಕ್ಷತ್ರಗಳನ್ನು ಓದುವಾಗ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ನೆನಪಿಡುವುದು ಲೇಸು. ನಕ್ಷತ್ರವು ಅದೇ ಗಾತ್ರದ, ಅದೇ ಬಗೆಯ ಇತರ ಯಂತ್ರಗಳೊಡನೆ ಹೋಲಿಸಿ ಕೊಟ್ಟ ಅಂಕ. ಐದು ನಕ್ಷತ್ರಗಳ ಬಹು ದೊಡ್ಡ ರೆಫ್ರಿಜರೇಟರು ಮೂರು ನಕ್ಷತ್ರಗಳ ಚಿಕ್ಕದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸಬಹುದು. ಮನೆಗೆ ಬೇಕಾದುದಕ್ಕಿಂತ ದೊಡ್ಡದನ್ನು ಕೊಂಡು, ನಕ್ಷತ್ರ ಎಣಿಸಿ ಸಂತೋಷಪಡುವವರೂ ಉಂಟು. ಚೀಟಿಯಲ್ಲಿಯೇ ವರ್ಷಕ್ಕೆ ಇಷ್ಟು ಯೂನಿಟ್ಟು ಎಂದು ಅಚ್ಚಾಗಿರುತ್ತದೆ, ನೋಡಬೇಕಾದುದು ಅದನ್ನು. ಇನ್ನೊಂದು ಸಂಗತಿ, ಯಂತ್ರಗಳು ಸುಧಾರಿಸಿದಂತೆ ಬ್ಯೂರೋ ತನ್ನ ಅಳತೆಗೋಲನ್ನು ಬಿಗಿ ಮಾಡುತ್ತಿರುತ್ತದೆ. ಒಂದು ವರ್ಷ ಐದು ನಕ್ಷತ್ರ ಪಡೆದಿದ್ದ ಮಾದರಿ ಕೆಲವು ವರ್ಷಗಳ ಮೇಲೆ ಮೂರಕ್ಕೆ ಇಳಿಯಬಹುದು. ಹಳೆಯ ದಾಸ್ತಾನನ್ನು ಮಾರುವ ಅಂಗಡಿಯಲ್ಲಿ ಚೀಟಿಯ ಮೇಲಿರುವ ಅವಧಿಯನ್ನು ನೋಡದೆ ನಕ್ಷತ್ರವನ್ನು ನಂಬಬಾರದು.

ಚೀಟಿಯಲ್ಲಿ ಒಂದು ಕೊರತೆಯೂ ಕಾಣುತ್ತದೆ. ಯೂನಿಟ್ಟು ಎಂಬುದು ಬಹುಮಂದಿಗೆ ಇನ್ನೂ ಅಮೂರ್ತವಾದ ವಸ್ತು. “ಹತ್ತು ವರ್ಷಕ್ಕೆ ಇದರ ಬಿಲ್ಲು ಇಷ್ಟು ಸಾವಿರ ರೂಪಾಯಿ” ಎಂದು ಬೆಲೆಯ ಪಕ್ಕದಲ್ಲಿಯೇ ದಪ್ಪಕ್ಷರದಲ್ಲಿ ಬರೆದಿದ್ದರೆ ನಮ್ಮ ಗಿರಾಕಿ ಇನ್ನೊಮ್ಮೆ ಯೋಚಿಸುತ್ತಿದ್ದನೋ ಏನೋ.

ಬೆಲೆಯನ್ನೇ ಇಳಿಸಿದ ಪ್ರಯೋಗ

ಮೊದಲ ಬೆಲೆಯೇ ಅಡ್ಡಿಯಾದರೆ ಅದನ್ನು ತಿಂಗಳ ಬಿಲ್ಲಿನೊಳಕ್ಕೇ ಸೇರಿಸಿಬಿಟ್ಟರೆ ಹೇಗೆ? ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿ ೨೦೦೪-೦೫ರಲ್ಲಿ ಈ ಉಪಾಯವನ್ನು ಪ್ರಯೋಗಿಸಿತು. ಗ್ರಾಹಕರು ಸಿ.ಎಫ್.ಎಲ್. ದೀಪವನ್ನು ಖಾತರಿಯೊಡನೆ ಪಡೆದು ಅದರ ಬೆಲೆಯನ್ನು ಬಿಲ್ಲಿನ ಜೊತೆಗೆ ಕಂತುಗಳಲ್ಲಿ ತೀರಿಸಬಹುದಾಗಿತ್ತು. ದೀಪ ಉಳಿಸಿದ ಹಣದಿಂದಲೇ ದೀಪದ ಸಾಲ ತೀರುವ ಏರ್ಪಾಡು ಇದು. ಖಾತರಿಯು ಸಂಶಯವನ್ನು ಕಳೆಯಿತು. ಕಂತು ಮೊದಲ ಬೆಲೆಯ ಹೆದರಿಕೆಯನ್ನು ಕಳೆಯಿತು.

ಹತ್ತು ವರ್ಷಗಳ ಬಳಿಕ ಎಲ್.ಇ.ಡಿ. ದೀಪಗಳ ಸರದಿ ಬಂದಾಗ ನಡೆದುದು ಇನ್ನೂ ದೊಡ್ಡ ಪ್ರಯೋಗ. ಸಾರ್ವಜನಿಕ ರಂಗದ ಈ.ಈ.ಎಸ್.ಎಲ್. ಸಂಸ್ಥೆಯು ಕೋಟಿಗಟ್ಟಲೆ ದೀಪಗಳನ್ನು ಒಟ್ಟಿಗೇ ಕೊಳ್ಳುವುದಾಗಿ ತಯಾರಕರಿಂದ ಟೆಂಡರು ಕರೆಯಿತು. ೨೦೧೪ರ ಆದಿಯಲ್ಲಿ ದೀಪವೊಂದಕ್ಕೆ ೩೧೦ ರೂಪಾಯಿ ಇದ್ದ ಖರೀದಿಯ ಬೆಲೆ ೨೦೧೬ರಲ್ಲಿ ೩೮ ರೂಪಾಯಿಗೆ ಇಳಿಯಿತು. ೨೦೧೫ರ ಜನವರಿಯಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾಗಿ ‘ಉಜಾಲಾ’ ಎಂದು ಹೆಸರಾದ ಈ ಯೋಜನೆಯು ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ನಡೆಯಿತು. ದೇಶದಲ್ಲಿ ಒಟ್ಟು ೩೬ ಕೋಟಿಗೂ ಹೆಚ್ಚು ದೀಪಗಳು ಹೀಗೆ ಹಂಚಿಹೋದುವು. ಮೊನ್ನೆಮೊನ್ನೆಯವರೆಗೂ ಉಪದೇಶಕ್ಕೆ ಕಿವಿಗೊಡದಿದ್ದ ಜನರು ಸಾಲುಗಟ್ಟಿ ನಿಂತು ಕೊಂಡರು. ಅವರ ಮನಸ್ಸು ಬದಲಾಯಿತೆನ್ನುವುದಕ್ಕಿಂತ, ಅವರ ಮುಂದಿದ್ದ ಲೆಕ್ಕವೇ ಬದಲಾಯಿತೆನ್ನುವುದು ಸರಿ.

ದೀಪದಲ್ಲಿ ಫಲಿಸಿದ ಉಪಾಯ ಫ್ಯಾನಿನಲ್ಲಿ ಅಷ್ಟು ಬೇಗ ಫಲಿಸದಿರಲು ಕಾರಣವಿದೆ. ಹಳೆಯ ಬಲ್ಬು ಸುಮಾರು ೧,೦೦೦ ಗಂಟೆ ಉರಿದು ಸಾಯುತ್ತಿತ್ತು; ವರ್ಷಕ್ಕೊಮ್ಮೆಯಾದರೂ ಅಂಗಡಿಗೆ ಹೋಗಿ ಹೊಸದಾಗಿ ಯೋಚಿಸಲು ಅವಕಾಶವಿತ್ತು. ಫ್ಯಾನಾದರೋ ಮಗಳ ಮದುವೆಯಲ್ಲಿ ಹಾಕಿಸಿದ್ದು ಮೊಮ್ಮಗಳು ಕಾಲೇಜಿಗೆ ಹೋಗುವಾಗಲೂ ತಿರುಗುತ್ತಿರುತ್ತದೆ. ತಿರುಗುತ್ತಿರುವ ಫ್ಯಾನನ್ನು ಇಳಿಸಿ ಹೊಸದನ್ನು ಏರಿಸುವಾಗ ಲೆಕ್ಕಕ್ಕೆ ಬರುವುದು ೧,೩೦೦ ರೂಪಾಯಿಯಲ್ಲ, ಪೂರ್ತಿ ೩,೦೦೦ ರೂಪಾಯಿ. ಹನ್ನೆರಡು ಗಂಟೆಯ ಬಳಕೆಯಲ್ಲಿ ಅದು ಹಿಂದಿರುಗಲು ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಬೇಕು.

ಗ್ರಾಹಕನ ಒಪ್ಪಿಗೆಯನ್ನೇ ಕೇಳದ ದಾರಿಯೂ ಒಂದುಂಟು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ೧೯೭೦ರ ದಶಕದಲ್ಲಿ ರೆಫ್ರಿಜರೇಟರುಗಳಿಗೆ ಶಕ್ತಿಯ ಮಿತಿಯನ್ನು ಕಾನೂನಿನಿಂದ ಗೊತ್ತುಮಾಡಿತು. ೧೯೮೭ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. ೧೯೭೦ರ ದಶಕದ ಆದಿಯಲ್ಲಿ ವರ್ಷಕ್ಕೆ ಸುಮಾರು ೧,೮೦೦ ಯೂನಿಟ್ಟುಗಳನ್ನು ನುಂಗುತ್ತಿದ್ದ ಅಲ್ಲಿನ ಹೊಸ ರೆಫ್ರಿಜರೇಟರು ಕ್ರಮೇಣ ಅದರ ಕಾಲುಭಾಗದ ಆಸುಪಾಸಿಗೆ ಇಳಿಯಿತು. ಗಾತ್ರ ಮಾತ್ರ ಕುಗ್ಗಲಿಲ್ಲ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇಂತಹುದೊಂದು ನಡೆದುದೇ ತಿಳಿಯದು.

ಬಿಲ್ಲೇ ಬಾರದ ಮನೆ

ಇನ್ನೊಂದು ಕುತೂಹಲಕರವಾದ ಸನ್ನಿವೇಶವು ನಮ್ಮ ರಾಜ್ಯದಲ್ಲಿಯೇ ಒದಗಿದೆ. ೨೦೨೩ರಲ್ಲಿ ಆರಂಭವಾದ ‘ಗೃಹಜ್ಯೋತಿ’ ಯೋಜನೆಯಲ್ಲಿ, ಮನೆಯೊಂದರ ೨೦೨೨-೨೩ರ ಸರಾಸರಿ ಬಳಕೆಗೆ ಶೇಕಡ ೧೦ ಸೇರಿಸಿ, ೨೦೦ ಯೂನಿಟ್ಟಿನ ಮಿತಿಯೊಳಗೆ, ಅಷ್ಟು ವಿದ್ಯುತ್ತು ಉಚಿತವೆಂದು ಮೊದಲಿಗೆ ಗೊತ್ತುಮಾಡಲಾಯಿತು. ಬಡವರ ಮನೆಯಲ್ಲಿ ಕತ್ತಲೆ ಕಳೆಯುವ ಇಂತಹ ಯೋಜನೆಯ ಗುಣದೋಷಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಫ್ಯಾನಿನ ಲೆಕ್ಕ ಅಲ್ಲಿ ಏನಾಗುತ್ತದೆ ಎಂಬುದಷ್ಟನ್ನೇ ನೋಡೋಣ.

ತನಗೆ ಗೊತ್ತಾದ ಉಚಿತ ಮಿತಿಯೊಳಗೇ ಇರುವ ಮನೆಗೆ ಉಳಿಸಿದ ಯೂನಿಟ್ಟಿನ ಬೆಲೆ ಸೊನ್ನೆ. ೧೬೨ ಯೂನಿಟ್ಟು ಉಳಿಸಿದರೂ ಒಂದು ಕಾಸೂ ಉಳಿಯದು. ಹೆಚ್ಚಿಗೆ ಕೊಟ್ಟ ೧,೩೦೦ ರೂಪಾಯಿ ಎಂದೂ ಹಿಂದಿರುಗದು. ಆದರೆ ೨೦೦ರ ಅಂಚಿನಲ್ಲಿರುವ ಮನೆಯ ಕಥೆ ಬೇರೆ. ತಿಂಗಳಿಗೆ ೨೦೫ ಯೂನಿಟ್ಟು ಬಳಸಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೂ, ಎಂದರೆ ೧,೨೦೦ ರೂಪಾಯಿಗೂ ಹೆಚ್ಚನ್ನು ಕಟ್ಟಬೇಕು. ಮಿತಿಯೊಳಕ್ಕೆ ಇಳಿದರೆ ಅದರ ಬಹುಭಾಗ ಉಳಿಯುತ್ತದೆ. ಒಂದು ದಕ್ಷವಾದ ಫ್ಯಾನು ತಿಂಗಳಿಗೆ ೧೩ರಿಂದ ೧೬ ಯೂನಿಟ್ಟುಗಳನ್ನು ಉಳಿಸಬಲ್ಲುದು. ಅಂತಹ ಮನೆಯಲ್ಲಿ ಅದರ ಹೆಚ್ಚಿನ ಬೆಲೆ ಎರಡೇ ತಿಂಗಳಲ್ಲಿ ಹಿಂದಿರುಗಬಹುದು! ಗೋಡೆಯ ಆಚೆಗೆ ಒಂದು ಮನೆ, ಈಚೆಗೆ ಇನ್ನೊಂದು. ಯಂತ್ರ ಅದೇ, ಗಾಳಿ ಅದೇ. ಆದರೆ ಒಂದರಲ್ಲಿ ಅದು ನಷ್ಟದ ವ್ಯಾಪಾರ, ಇನ್ನೊಂದರಲ್ಲಿ ಚಿನ್ನದ ಗಣಿ.

ಮನೆಗೆ ಲಾಭವಿಲ್ಲದಿದ್ದರೂ ರಾಜ್ಯಕ್ಕೆ ಲಾಭವಿರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ವಿದ್ಯುದಾಗಾರದಿಂದ ಹೊರಟ ನೂರು ಯೂನಿಟ್ಟುಗಳಲ್ಲಿ ೮೫ ಮಾತ್ರ ಮನೆ ಮುಟ್ಟುತ್ತವೆ ಎಂದಿಟ್ಟುಕೊಂಡರೆ, ಮನೆಯಲ್ಲಿ ಉಳಿದ ೪೫ ವ್ಯಾಟ್ ಆಗಾರದಲ್ಲಿ ೫೩ ವ್ಯಾಟ್ ಆಗುತ್ತದೆ. ಒಂದು ಕೋಟಿ ಫ್ಯಾನುಗಳು ಬೇಸಗೆಯ ರಾತ್ರಿ ಒಟ್ಟಿಗೆ ತಿರುಗುವಾಗ ಈ ಉಳಿತಾಯವು ೫೩೦ ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ ೧,೦೩೫ ಮೆಗಾವ್ಯಾಟ್. ಅದರ ಅರ್ಧದಷ್ಟು, ಯಾವ ಕಣಿವೆಯನ್ನೂ ಮುಳುಗಿಸದೆ, ಯಾವ ಊರನ್ನೂ ಎಬ್ಬಿಸದೆ ದೊರೆತಂತಾಯಿತು. ಆದುದರಿಂದ ಬಿಲ್ಲಿಲ್ಲದ ಮನೆಯ ಫ್ಯಾನನ್ನು ಬದಲಾಯಿಸಲು ನಿಜವಾಗಿ ಉತ್ಸುಕವಾಗಿರಬೇಕಾದುದು, ಆ ಮನೆಯ ವಿದ್ಯುತ್ತಿಗೆ ಹಣ ತೆರುತ್ತಿರುವ ಸರಕಾರ. ಹಾಗೆ ಬದಲಾಯಿಸಿದ ಮೇಲೆ, ಅಗ್ಗವಾಯಿತೆಂದು ಜನರು ಇನ್ನೂ ನಾಲ್ಕು ಗಂಟೆ ಹೆಚ್ಚು ಓಡಿಸಿಬಿಟ್ಟರೆ? ಈ ಆಕ್ಷೇಪವು ಹೊಸದಲ್ಲ. ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ಜೆವನ್ಸ್ ೧೮೬೫ರಲ್ಲಿಯೇ ಇದನ್ನು ಎತ್ತಿದ್ದನು. ೩೦ ವ್ಯಾಟಿನ ಫ್ಯಾನು ದಿನದ ೨೪ ಗಂಟೆಯೂ ತಿರುಗಿದರೆ ೭೨೦ ವ್ಯಾಟ್-ಗಂಟೆ. ಹಳೆಯದು ೧೨ ಗಂಟೆಗೆ ನುಂಗುವುದು ೯೦೦. ಫ್ಯಾನಿನ ಮಟ್ಟಿಗೆ ನಾವು ಅಷ್ಟಾಗಿ ಅಂಜಬೇಕಾಗಿಲ್ಲ.

ಇಷ್ಟು ಓದಿದ ವಿದ್ಯಾರ್ಥಿಗಳು ತಮ್ಮ ಮನೆಯ ಫ್ಯಾನು ಎಷ್ಟು ನುಂಗುವುದೆಂದು ತಾವೇ ಅಳೆಯಬಹುದು. ಇದಕ್ಕೆ ಬೇರೆ ಉಪಕರಣ ಬೇಡ. ಮನೆಯ ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಆಗಾಗ ಮಿನುಗುವ ಒಂದು ಚಿಕ್ಕ ಕೆಂಪು ದೀಪವಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಮೀಟರಿನ ಮುಖದ ಮೇಲೆಯೇ ಅಚ್ಚು ಹಾಕಿರುತ್ತಾರೆ. ೩,೨೦೦ ಎಂಬ ಸಂಖ್ಯೆ ಬಹಳ ಕಡೆ ಕಾಣುವುದು. ಮನೆಯವರ ಅನುಮತಿ ಪಡೆದು ರೆಫ್ರಿಜರೇಟರೂ ಸೇರಿ ಉಳಿದ ಎಲ್ಲವನ್ನೂ ಆರಿಸಿ, ಒಂದೇ ಒಂದು ಫ್ಯಾನನ್ನು ಪೂರ್ಣ ವೇಗದಲ್ಲಿ ಬಿಟ್ಟು, ಗಡಿಯಾರ ಹಿಡಿದು ಹತ್ತು ನಿಮಿಷ ಎಣಿಸಬೇಕು. ಮೀಟರನ್ನು ಮುಟ್ಟಬಾರದು, ನೋಡಿದರೆ ಸಾಕು. ಎಣಿಕೆಯನ್ನು ಆರರಿಂದ ಗುಣಿಸಿ, ಮೀಟರಿನ ಮೇಲಿನ ಸಂಖ್ಯೆಯಿಂದ ಭಾಗಿಸಿ, ಸಾವಿರದಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. ೩,೨೦೦ರ ಮೀಟರಿನಲ್ಲಿ ಹತ್ತು ನಿಮಿಷಕ್ಕೆ ೪೦ ಮಿನುಗು ಕಂಡರೆ ನಿಮ್ಮ ತಲೆಯ ಮೇಲೆ ತಿರುಗುತ್ತಿರುವುದು ೭೫ ವ್ಯಾಟಿನ ಹಳೆಯ ಮೋಟಾರು. ೧೬ ಕಂಡರೆ ಹೊಸದು.